ಉಡಿಯೊಳಗಿನ ಹುಲುಸು

ನನ್ನ ತವರಿಗೂ ಗಂಡನ ಊರಿಗೂ ನಡುವೆ ಇರುವುದು ಒಂದೇ ಒಂದು ಹಳ್ಳ. ಕುಷ್ಟಗಿ ಸೀಮೆಯ ಈ ಎರಡೂ ಊರುಗಳು ಹೆಣ್ಣು ಕೊಟ್ಟು, ಹೆಣ್ಣು ತಂದು ಚೆನ್ನಾಗಿಯೇ ಇರುತ್ತವೆ. ತವರೂರಿನ ದ್ಯಾಮವ್ವನ ಹಬ್ಬ ಬಂತೆಂದರೆ ಮಾತ್ರ ಬೀಗರೆಲ್ಲ ಕಳ್ಳರಾಗಿ ಕಾಣುತ್ತಾರೆ. ದೇವಿಯ ಎಡೆಯನ್ನು ಚರಗವೆಂದು ಹೊಲಗಳಿಗೆ ಚೆಲ್ಲುವ ದಿನ ಒಂದು ಕಾಳು ಹಳ್ಳ ದಾಟಿದರೂ ಊರಿನ ಹುಲುಸೆಲ್ಲ, ಅಂದರೆ ಆ ವರ್ಷದ ಬೆಳೆಯೆಲ್ಲ, ಆಚೆಯವರ ಪಾಲಂತೆ. ಹಿಂದಿನ ಹಬ್ಬದಲ್ಲಿ ಇದಕ್ಕೇ ಕಲ್ಲು ತೂರಾಡಿ ನನ್ನ ದೊಡ್ಡಪ್ಪನ ಹಣೆಗೆ ಏಳು ಹೊಲಿಗೆ ಬಿದ್ದಿದ್ದವು.

ಈ ಸಲ ಹಬ್ಬಕ್ಕೆ ಹೋದವಳು ಚರಗದ ದಿನವೇ ಮಧ್ಯಾಹ್ನ ಹೊರಟೆ. ನಾನು ಟೀಚರು, ಮರುದಿನ ಶಾಲೆಯಲ್ಲಿ ಪರೀಕ್ಷೆ. ಅವ್ವ ಎಂದಿನಂತೆ ಉಡಿ ತುಂಬಿದಳು. ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದುಂಟೆ? ಉಡಿಯಲ್ಲಿರುವುದೂ ಕಾಳೇ ಎಂದು ಇಷ್ಟು ಓದಿದ ನನಗೇ ಹೊಳೆಯಲಿಲ್ಲ. ಅವ್ವನಿಗೂ ಹೊಳೆದಿರಲಿಕ್ಕಿಲ್ಲ ಎಂದು ಆಮೇಲೆ ಅಂದುಕೊಂಡೆ.

ಹಳ್ಳದ ದಂಡೆಯಲ್ಲಿ ಬಡಿಗೆ ಹಿಡಿದ ತವರೂರಿನ ಪಡ್ಡೆ ಹುಡುಗರು ಅಡ್ಡ ನಿಂತರು. ನನ್ನನ್ನು ಕರೆದೊಯ್ಯಲು ಬಂದ ಗಂಡ ಆಚೆ ದಂಡೆಯಲ್ಲಿದ್ದರು, ಅವರ ಹಿಂದೆ ಗೆಳೆಯರ ದಂಡು.

"ಉಡಿಯಾಗ ಏನೈತಿ ಅಕ್ಕಾ?"

"ಅಕ್ಕಿ."

"ಹಂಗಾರ ಇಲ್ಲೇ ಸುರುವ್ರಿ."

ತುಂಬಿದ ಉಡಿಯನ್ನು ನೆಲಕ್ಕೆ ಸುರಿಯಬೇಕಂತೆ! ನನಗೆ ಮೈಯೆಲ್ಲ ಉರಿಯಿತು. "ಸುರುವಂಗಿಲ್ಲ, ಏನ್ ಮಾಡ್ತೀರಿ?" ಎಂದುಬಿಟ್ಟೆ. ಗಂಡ ನೀರಿಗಿಳಿದರು. ಈಚೆ ಒಬ್ಬ ಕಲ್ಲು ಎತ್ತಿಕೊಂಡ. ನನ್ನ ಒಂದು ಮಾತಿಗೆ ಇವರ ತಲೆ ಒಡೆಯುತ್ತದಲ್ಲಾ ಎಂದು ಹೆದರಿ, ಬರಬೇಡಿರೆಂದು ಕೈ ಬೀಸಿದೆ.

ಅಷ್ಟರಲ್ಲಿ ದೊಡ್ಡಪ್ಪ ಬಂದ. "ನಾಕು ಕಾಳು ಕೊಡವಾ," ಎಂದು ಕೈಯೊಡ್ಡಿ, ಅಂಗೈ ಮೇಲೆ ಹೊರಳಿಸಿ ನೋಡಿದ.

"ಲೇ, ನಮ್ಮ ಎರಿ ಹೊಲದಾಗ ನೆಲ್ಲು ಯಾವಾಗ ಬೆಳದೀರಿ? ಇದು ಗಂಗಾವತಿ ಅಕ್ಕಿ. ಹುಲುಸು ಹೋದ್ರ ಗಂಗಾವತಿಯವ್ರದು ಹೋಗ್ತೈತಿ. ಬೇಕಾದ್ರ ಅವರು ಬಂದು ಬಡದಾಡ್ಲಿ!"

ಮೊದಲು ನಕ್ಕವನು ಕಲ್ಲು ಹಿಡಿದವನೇ. ಆಮೇಲೆ ಆಚೆ ದಂಡೆಯೂ ನಕ್ಕಿತು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಗಂಡ ಏನು ಮಾಡಲೂ ತೋಚದೆ ಮುಖ ತೊಳೆದುಕೊಂಡರು. ಹೋದ ಜೀವ ಬಂದಂತಾಗಿ ನಾನು ಅತ್ತೇಬಿಟ್ಟೆ.

ಮನೆಗೆ ಬಂದು ದೇವರ ಮುಂದೆ ಉಡಿ ಬಿಚ್ಚಿದೆ. ಅಕ್ಕಿಯ ತಳದಲ್ಲಿ, ಕುಪ್ಪಸದ ಖಣದ ಮಡಿಕೆಯೊಳಗೆ, ಒಂದು ಹಿಡಿ ಬಿಳಿಜೋಳವಿತ್ತು. ತವರಿನ ಹೊಲದ್ದೇ.

ತಕ್ಷಣ ಫೋನು ಮಾಡಿದೆ. "ಯವ್ವಾ, ಇವತ್ತ ಕಾಳು ದಾಟಬಾರದಂತ ಮರತಿದ್ದೇನು?"

"ಮರತಿಲ್ಲಂತನ ಇಟ್ಟೀನವಾ," ಎಂದಳು ಅವ್ವ. "ಹುಲುಸು ಊರಿಗಷ್ಟ ಬೇಕೇನು? ನನ್ನ ಮಗಳಿಗೆ ಬ್ಯಾಡೇನು?"