ಕೊನೆಯ ಆರು ಪದರ

ಗಡ್ಡೆಯ ತುಣುಕು ಯಾರದೇ ಇರಲಿ, ಆ ಆಸ್ಪತ್ರೆಯಲ್ಲಿ ಅದು ಒಮ್ಮೆ ಲ್ಯಾಬಿನಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವವಳ ಕೈ ದಾಟಿಯೇ ಹೋಗಬೇಕು. ಮೇಣದ ಅಚ್ಚಿನಲ್ಲಿ ಕೂರಿಸಿದ ತುಣುಕನ್ನು ಮಂಜುಗಡ್ಡೆಯ ಮೇಲಿಟ್ಟು ಗಟ್ಟಿ ಮಾಡಿ, ಯಂತ್ರಕ್ಕೆ ಸಿಕ್ಕಿಸಿ, ಚಕ್ರ ತಿರುಗಿಸುತ್ತಾ ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಪದರ ತೆಗೆಯುವುದು ಅವಳ ಕೆಲಸ. ಪದರವನ್ನು ಕುಂಚದ ತುದಿಯಲ್ಲಿ ಎತ್ತಿ, ಬೆಚ್ಚನೆಯ ನೀರಿನ ಮೇಲೆ ಸುಕ್ಕು ಬಿಡಿಸಿ, ಗಾಜಿನ ಪಟ್ಟಿಗೆ ಏರಿಸಬೇಕು. ಪಕ್ಕದವರು ಜೋರಾಗಿ ಉಸಿರುಬಿಟ್ಟರೂ ಅದು ಹಾರಿಹೋಗುತ್ತದೆ. ಹಾಗಾಗಿ ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಅವಳು ತಲೆಯೆತ್ತದೆ "ಉಸಿರು ಬಿಡಬೇಡಿ" ಎನ್ನುತ್ತಿದ್ದಳು. ಲ್ಯಾಬಿನವರು ಬೆನ್ನ ಹಿಂದೆ "ಯಮನ ತಂಗಿ" ಎಂದು ಹೆಸರಿಟ್ಟಿದ್ದರು. ಕಿವಿಗೆ ಬಿದ್ದಾಗ ಅವಳೂ ನಕ್ಕಳು. "ಅಣ್ಣ ಬಂದ್ರೆ ನನ್ನ ಹೆಸರು ಹೇಳಿ, ಸ್ವಲ್ಪ ರಿಯಾಯ್ತಿ ಸಿಗಬಹುದು."

ಇಪ್ಪತ್ಮೂರನೆಯ ವಯಸ್ಸಿನಲ್ಲಿ ಶೀಶೆ ತೊಳೆಯಲು ಬಂದವಳು ನೋಡಿ ನೋಡಿಯೇ ಈ ಕೆಲಸ ಕಲಿತಿದ್ದಳು. ಮೂವತ್ತೊಂದು ವರ್ಷವಾಗಿತ್ತು. ತುಣುಕಿನ ಜೊತೆ ಬರುವುದು ಒಂದು ಸಂಖ್ಯೆ, ಮುಖ ಬರುವುದಿಲ್ಲ. ಅದೇ ಒಳ್ಳೆಯದು ಎಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಚಿಕ್ಕ ಡಾಕ್ಟರಮ್ಮ ಒಂದು ಅಚ್ಚು ಹಿಡಿದು ಬಂದಳು. ಫಿಟ್ಸ್ ಬಂದು ದಾಖಲಾಗಿದ್ದ ಬಡಗಿಯೊಬ್ಬನ ಮೆದುಳಿನಿಂದ ಸೂಜಿಯಲ್ಲಿ ತೆಗೆದದ್ದು. ಸೂಕ್ಷ್ಮದರ್ಶಕದಲ್ಲಿ ಸೌಮ್ಯವಾಗಿ ಕಂಡಿತ್ತು. ನಿಧಾನಕ್ಕೆ ಬೆಳೆಯುವ ಗಡ್ಡೆ, ವರ್ಷಗಟ್ಟಲೆ ಸಮಯವಿದೆ ಎಂದು ಮನೆಯವರಿಗೆ ಹೇಳಿಯೂ ಆಗಿತ್ತು.

"ನಂಗೆ ಯಾಕೋ ಸಮಾಧಾನ ಇಲ್ಲ ಅಕ್ಕ. ಜೀನ್ ನೋಡ್ಬೇಕು."

"ಕಣ್ಣಿಗೆ ಕಾಣದ್ದು ಜೀನಲ್ಲಿ ಏನಿರುತ್ತೆ?"

"ಜೀವಕೋಶದ ಮೈಮೇಲೆ 'ಬೆಳೆ' ಅನ್ನೋ ಸುದ್ದಿ ಹಿಡಿಯೋ ಗ್ರಾಹಕಗಳಿರ್ತವೆ. ಅವನ್ನ ಮಾಡಿಸೋ ಜೀನು ಎರಡೇ ಪ್ರತಿ ಇರ್ಬೇಕು. ಕೆಲವು ಗಡ್ಡೆಗಳಲ್ಲಿ ಹತ್ತಾರು ಆಗ್ಬಿಡುತ್ತೆ. ಇನ್ನು ಕೆಲವುಗಳಲ್ಲಿ ಜೀನಿನ ಒಂದು ತುಂಡೇ ಬಿದ್ದುಹೋಗಿ, ಸುದ್ದಿ ಬರದಿದ್ರೂ ಗ್ರಾಹಕ 'ಬೆಳೆ, ಬೆಳೆ' ಅಂತಾನೇ ಇರುತ್ತೆ. ಪ್ರತಿಗಳು ಹಾಗೆ ಹೆಚ್ಚಿದ್ರೆ, ನೋಡೋಕೆ ಎಷ್ಟೇ ಸಾಧು ಆಗಿದ್ರೂ ಅತಿ ಕೆಟ್ಟ ಗಡ್ಡೆ ಅಂತಾನೇ ತಿಳೀಬೇಕು."

"ಗೋಮುಖ ವ್ಯಾಘ್ರ ಅನ್ನಿ."

ಅಚ್ಚಿನಲ್ಲಿ ಉಳಿದಿದ್ದು ಅರ್ಧ ಸಾಸಿವೆ ಕಾಳಿನಷ್ಟು. ಇನ್ನೊಮ್ಮೆ ತಲೆಗೆ ಸೂಜಿ ಇಳಿಸುವುದು ಅಪಾಯ. ಮೇಲ್ಮೈ ಸಮ ಮಾಡುವ ಭರದಲ್ಲಿ ಚಕ್ರ ನಾಲ್ಕು ಸುತ್ತು ಹೆಚ್ಚಾದರೆ ಮುಗಿಯಿತು. ಅಕ್ಕ ಹೊಸ ಅಲಗು ಹಾಕಿ, ಫ್ಯಾನು ಆರಿಸಿ, ಬೆವರುತ್ತಾ ಕೂತು ಆರು ಪದರ ತೆಗೆದಳು. ಏಳನೆಯದರಲ್ಲಿ ಬರೀ ಮೇಣ. ಡಾಕ್ಟರಮ್ಮ ಅವಳ ಬೆನ್ನು ತಟ್ಟಿದಳು.

ಹತ್ತು ದಿನಕ್ಕೆ ಫಲಿತಾಂಶ ಬಂತು. ಜೀನು ಐವತ್ತಕ್ಕೂ ಹೆಚ್ಚು ಪ್ರತಿಯಾಗಿತ್ತು.

ಮಾರನೆಯ ದಿನ ಬಡಗಿಯ ಹೆಂಡತಿ ಅವರಿವರನ್ನು ಕೇಳಿಕೊಂಡು ಲ್ಯಾಬಿನ ಬಾಗಿಲಿಗೆ ಬಂದಳು.

"ಕತ್ತರಿಸಿದ್ದು ನೀವೇನಾ?"

"ಹೌದಮ್ಮ."

"ತುಣುಕು ಸಾಲಲ್ಲ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಹತ್ತು ದಿನ ನಮ್ಮನೇಲಿ ನಗು ಇತ್ತು."

ಅಕ್ಕ ಸ್ಟೂಲು ಎಳೆದಳು. ಆಕೆ ಕೂರದೆ ಹೊರಟುಹೋದಳು.

ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಗಂಡ ಎಲ್ಲ ಕೇಳಿ ಹೇಳಿದ, "ನೀನು ಕತ್ತರಿಸಿದ್ದು ಮೇಣ ಕಣೆ, ಅವನ ಹಣೆಬರಹ ಅಲ್ಲ."

"ಬರೆದಿದ್ದು ನಾನಲ್ಲ ನಿಜ. ಓದೋ ಹಾಗೆ ಮಾಡಿದ್ದು ನಾನೇ ಅಲ್ವಾ?"

ಗಂಡ ಕಣ್ಣೊರೆಸಿಕೊಂಡ, ಈರುಳ್ಳಿಯೋ ಏನೋ. ಕೈ ಜಾರಿದ್ದರೇ ಚೆನ್ನಾಗಿತ್ತೇ ಎಂದು ಅಕ್ಕನಿಗೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅನ್ನಿಸಿತು.

ಎರಡು ತಿಂಗಳ ನಂತರ ಬಡಗಿಯೇ ಬಂದ. ವಿಕಿರಣ ಚಿಕಿತ್ಸೆಯಿಂದ ಉದುರಿದ ಕೂದಲಿಗೆ ಟೋಪಿ ಹಾಕಿದ್ದ.

"ಹೆಂಡ್ತಿ ನಿಮ್ಮನ್ನ ಬೈದಳಂತೆ. ಮನಸ್ಸಿಗೆ ಹಚ್ಕೋಬೇಡಿ. ಆ ಯಂತ್ರ ಒಂದ್ಸಲ ನೋಡಬಹುದಾ?"

ಅಕ್ಕ ಖಾಲಿ ಮೇಣದ ಅಚ್ಚು ಸಿಕ್ಕಿಸಿ ಚಕ್ರ ತಿರುಗಿಸಿದಳು. ಅಲಗಿನಿಂದ ಬಿಳಿಯ ಸುರುಳಿ ಬಿಚ್ಚಿಕೊಂಡಿತು. ಅವನು ಬಾಗಿ ನೋಡಿದ. "ನಾವು ಹತ್ತರಿ ಹಿಡಿದು ಮರ ಕೀಸೋ ಹಾಗೇ ಇದೆ. ಇಷ್ಟು ತೆಳ್ಳಗೆ ನಮ್ಮಪ್ಪನಿಗೂ ಬರ್ತಿರಲಿಲ್ಲ."

ಅಕ್ಕ ತಡೆಯಲಾರದೆ ಕೇಳಿದಳು: "ಗೊತ್ತಾಗದೇ ಇದ್ದಿದ್ರೆ ಒಳ್ಳೇದಿತ್ತಾ?"

ಅವನು ಮೇಣದ ಸುರುಳಿಯನ್ನು ಬೆರಳಲ್ಲಿ ಎತ್ತಿಕೊಂಡ. "ನಂಗೆ ಗೊತ್ತಾಗಿದ್ದು ಒಳ್ಳೇದಾಯ್ತು. ಮಗಳಿಗೆ ಗರಗಸ ಸಾಣೆ ಹಿಡಿಯೋದು ಕಲಿಸ್ತಿದ್ದೀನಿ. ಇಲ್ಲದಿದ್ರೆ ಮುಂದಿನ ವರ್ಷ ಅಂತಿದ್ದೆ. ಆದ್ರೆ ನನ್ನ ಹೆಂಡ್ತಿಗೆ ಅದು ಬೇಕಿರಲಿಲ್ಲ. ತಿಳೀಬೇಕಾ ಅಂತ ಮೊದಲೇ ಕೇಳಿದ್ರೆ ಇಬ್ಬರೂ ಕೂತು ಮಾತಾಡ್ತಿದ್ವಿ. ಯಾರೂ ಕೇಳಲಿಲ್ಲ."

ಅವನು ಇನ್ನೂ ಹದಿನಾಲ್ಕು ತಿಂಗಳು ಬದುಕಿದ್ದ.

ಅವನು ಬಂದುಹೋದ ದಿನದಿಂದ, ಯಾವುದೇ ತುಣುಕಿನ ಕೊನೆಯ ಚೂರು ಕೈಗೆ ಬಂದರೆ, ಅಕ್ಕ ಚಕ್ರದ ಮೇಲೆ ಕೈಯಿಟ್ಟು ಕೇಳುತ್ತಾಳೆ: "ಅವರನ್ನ ಕೇಳಿದ್ರಾ?" ಮೊದಲ ಸಲ ಕೇಳಿದಾಗ ದೊಡ್ಡ ಡಾಕ್ಟರಿಗೆ ಮೂಗಿನ ತುದಿಗೆ ಕೋಪ ಬಂತು. "ಕತ್ತರಿಸೋದಷ್ಟೇ ನಿಮ್ಮ ಕೆಲಸ."

"ಹೌದು ಸಾರ್. ಕತ್ತರಿಸಿದ ಮೇಲೆ ಅಂಟಿಸೋಕೆ ಬರಲ್ಲ, ಅದಕ್ಕೆ ಕೇಳಿದೆ."

ಚಿಕ್ಕ ಡಾಕ್ಟರಮ್ಮ ಪರೀಕ್ಷೆಯ ಅರ್ಜಿಯಲ್ಲಿ ಒಂದು ಸಾಲು ಸೇರಿಸಿದಳು: ಫಲಿತಾಂಶ ತಿಳಿಯಬೇಕೇ, ಬೇಡವೇ? ಹೆಚ್ಚಿನವರು ತಿಳಿಯಬೇಕು ಎಂದೇ ಬರೆಯುತ್ತಾರೆ. ಕಳೆದ ವರ್ಷ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮಾತ್ರ ಯೋಚಿಸಿ, ಬೇಡ ಎಂದರು. ಅವರ ತುಣುಕನ್ನು ಅಕ್ಕ ಕತ್ತರಿಸದೆ ಬೀರುವಿನಲ್ಲಿ ಎತ್ತಿಟ್ಟಿದ್ದಾಳೆ. ಅವರು ಈಗ ಹೇಗಿದ್ದಾರೆಂದು ಯಾರನ್ನೂ ಕೇಳಿಲ್ಲ.