ತಂತಿ ಕಚೇರಿಯ ಹಿಂದಿನ ಗೋಡೆ

ನಮ್ಮ ಮನೆಯವರು ಗಾರೆ ಕೆಲಸದವರು. ಮೂವತ್ತೊಂದು ವರ್ಷ ಒಂದೇ ಕಟ್ಟಡ ನೋಡಿಕೊಂಡರು. ಅದು ತಂತಿ ಕಚೇರಿ. ಅಲ್ಲಿ ತಂತಿ ಹೊಡೆಯುವುದು ನಿಂತು ಎಷ್ಟೋ ಕಾಲವಾಯಿತು. ಹೆಸರು ಮಾತ್ರ ನಿಂತಿಲ್ಲ. ಈಗ ಒಳಗಿರುವುದು ದಾಖಲೆಗಳ ಕಚೇರಿ. ದಾಖಲೆಗಳ ಕಚೇರಿ ಎಂದು ಕೇಳಿದರೆ ಬಸ್ಸಿನವರಿಗೂ ತಿಳಿಯುವುದಿಲ್ಲ. ಮೂರು ಅಂತಸ್ತು, ಮೂಲೆಯಲ್ಲೊಂದು ಗೋಪುರ, ಎರಡು ಮೊಳ ದಪ್ಪದ ಗೋಡೆ. ಎಲ್ಲ ಸುಣ್ಣದ ಗಾರೆ.

ಸುಣ್ಣದ ಕೆಲಸ ಅವಸರದವರಿಗಲ್ಲ. ಕಲ್ಲುಸುಣ್ಣವನ್ನು ನೀರಿನಲ್ಲಿ ಅರಳಿಸಬೇಕು. ತಿಂಗಳುಗಟ್ಟಲೆ ಗುಂಡಿಯಲ್ಲಿ ಇಡಬೇಕು. ಮರಳು ಸೇರಿಸಿ ಅರೆಯಬೇಕು. ಬಳಿದ ಮೇಲೆ ಇಪ್ಪತ್ತೊಂದು ದಿನ ಗೋಡೆಗೆ ಒದ್ದೆ ಗೋಣಿ ಹೊದಿಸಿ ಕಾಯಬೇಕು. ಗೋಣಿ ಒಣಗಿತೋ, ಗಾರೆ ಬಿರುಕು ಬಿಟ್ಟಿತು. ಇವರು ಬೆಳಗ್ಗೆಯಿಂದ ಸಂಜೆವರೆಗೆ ಕಂಡವರಿಗೆಲ್ಲ "ಗೋಣಿಗೆ ನೀರು ಹಾಕಿದ್ರಾ" ಎಂದು ಕೇಳುತ್ತಿದ್ದರು. ಅದಕ್ಕೇ ಕಚೇರಿಯಲ್ಲಿ ಅವರಿಗೆ ಗೋಣಿಯಣ್ಣ ಎಂದು ಹೆಸರು ಬಿತ್ತು.

"ನಿಮಗೆ ಬೇಜಾರಾಗಲ್ವಾ ರೀ?" ಎಂದು ಕೇಳಿದ್ದೆ.

"ಒದ್ದೆ ಗೋಣಿ ಅನ್ನಲಿಲ್ವಲ್ಲ, ಅಷ್ಟೇ ಪುಣ್ಯ ಬಿಡೇ" ಎಂದರು.

ಮಾತು ಕಡಿಮೆ. ಯಾರ ಮನೆಗೆ ಹೋದರೂ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿ ಕೊಡುತ್ತಿದ್ದರು. ನನ್ನ ತಂಗಿಯ ಹೊಸ ಮನೆಯ ಗೋಡೆ ತಟ್ಟಿ, ಬಂದ ನೆಂಟರ ಮುಂದೆಲ್ಲ "ಟೊಳ್ಳು" ಎಂದರು. ತಂಗಿಯ ಗಂಡ ಎರಡು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಅವನ ಗೋಡೆಯ ಗಾರೆ ಉದುರಿತು. ಆಗ ಬಂದ.

ಅವರು ಹೋಗಿ ಎಂಟು ತಿಂಗಳಾಯಿತು. ಮಧ್ಯಾಹ್ನ ಊಟ ಮಾಡಿ ಕಚೇರಿಯ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದು ಯಾರೂ ಎಬ್ಬಿಸಲಿಲ್ಲವಂತೆ. ಅವರಿಗೆ ಮಧ್ಯಾಹ್ನ ಮಲಗುವ ಅಭ್ಯಾಸವೇ ಇರಲಿಲ್ಲ. ಮೂವತ್ತೊಂದು ವರ್ಷ ಜೊತೆಗಿದ್ದವರಿಗೆ ಅಷ್ಟು ಹೊಳೆಯಲಿಲ್ಲ.

ಅವರು ಇದ್ದಾಗಲೇ ತಂತಿ ಕಚೇರಿ ಕೆಡವುವ ಮಾತು ಎದ್ದಿತ್ತು. ಅವರು ಹೋದ ಮೇಲೆ ಅದು ಜೋರಾಯಿತು. ತಜ್ಞರು ಬಂದು ಎರಡನೇ ಅಂತಸ್ತಿನ ಹಿಂದಿನ ಗೋಡೆಗೆ ತೂತು ಕೊರೆದು ನೋಡಿದರು. ಒಳಗೆ ಗಾರೆ ಹಿಟ್ಟಿನ ಹಾಗೆ ಆಗಿದೆ, ಸುಣ್ಣಕ್ಕೆ ವಯಸ್ಸಾಗಿದೆ, ಇಡೀ ಕಟ್ಟಡ ಹೀಗೇ ಇರಬೇಕು ಎಂದು ವರದಿ ಬರೆದರು. ಕೆಡವಿ ಹೊಸದು ಕಟ್ಟುವುದು ಎಂದಾಯಿತು. ಊರು ಎರಡು ಪಾಲಾಯಿತು. ನಗರಸಭೆಯವರು ಬುಧವಾರ ಸಭೆ ಕರೆದರು, ಜನ ಬಂದು ಮಾತಾಡಲಿ ಎಂದು.

ಮೊದಲು ನಮ್ಮ ಮನೆಗೆ ಬಂದವರು ಡ್ರಾಯಿಂಗ್ ಮೇಷ್ಟ್ರು. ಕಟ್ಟಡ ಉಳಿಸಬೇಕು ಎನ್ನುವವರಿಗೆ ಅವರೇ ಮುಂದಾಳು. ಕೈಯಲ್ಲಿ ಒಂದು ಬ್ಯಾನರು. ಬಿಚ್ಚಿದರೆ ನಮ್ಮ ಮನೆಯವರ ಫೋಟೋ, ಕೈಯಲ್ಲಿ ಗಾರೆ ಬಳಿಯುವ ಕರಣೆ. ಕೆಳಗೆ ದಪ್ಪ ಅಕ್ಷರದಲ್ಲಿ "ಈ ಗೋಡೆ ಕಾಯ್ದ ಕೈ" ಎಂದು ಬರೆಸಿದ್ದರು.

"ಬುಧವಾರ ನೀವು ಎರಡು ಮಾತು ಆಡಬೇಕು ತಾಯಿ" ಎಂದರು. "ಕೆಡವಬೇಕು ಅನ್ನೋರು ಪರಿಸರ ಪರಿಸರ ಅಂತಾರೆ. ನಿಂತಿರೋ ಗೋಡೆ ಕೆಡವಿ, ಸಾವಿರ ಲಾರಿ ಕಲ್ಲುಮಣ್ಣು ಹೊರಗೆ ಸುರಿದು, ಹೊಸ ಸಿಮೆಂಟು ಸುಟ್ಟು ತರೋದು ಯಾವ ಪರಿಸರ ಹೇಳಿ. ಯಜಮಾನರು ಇದ್ದಿದ್ರೆ ಏನಂತಿದ್ರು, ಅಷ್ಟು ಹೇಳಿ ಸಾಕು."

ಸರಿ ಅನಿಸಿತು.

ಎರಡು ದಿನ ಬಿಟ್ಟು ಹೊಸ ಕಟ್ಟಡದ ನಕ್ಷೆ ಬರೆದ ಹೆಣ್ಣುಮಗಳು ಬಂದಳು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೇ ಕೂತಳು. ರಟ್ಟಿನಲ್ಲಿ ಮಾಡಿದ ಪುಟ್ಟ ಕಟ್ಟಡ ತಂದಿದ್ದಳು. ಬಿಸಿಲಿನಿಂದ ದೀಪ, ಮಳೆಯ ನೀರು ತೊಟ್ಟಿಗೆ, ಫ್ಯಾನಿಲ್ಲದೆ ಗಾಳಿ ಆಡುವ ಕಿಟಕಿ. ಕಾಲು ಬಾರದವರಿಗೆ ಲಿಫ್ಟು.

"ಆಂಟಿ, ಮೂರನೇ ಅಂತಸ್ತಿಗೆ ಹತ್ತೋಕಾಗದೆ ಎಷ್ಟು ಜನ ಮುದುಕರು ವಾಪಸ್ ಹೋಗ್ತಾರೆ ಗೊತ್ತಾ? ಅಂಕಲ್ ಒಂದಿನ ನನ್ನ ಜೊತೆ ಒಂದು ಗಂಟೆ ಮಾತಾಡಿದ್ರು. ಕಿಟಕಿ ಚೆನ್ನಾಗಿದೆ ಅಂದ್ರು."

ನನಗೆ ಇದು ಗೊತ್ತೇ ಇರಲಿಲ್ಲ. ಮನೆಯಲ್ಲಿ ಹತ್ತು ನಿಮಿಷ ಮಾತಾಡದ ಮನುಷ್ಯ ಇವಳ ಜೊತೆ ಒಂದು ಗಂಟೆ ಏನು ಮಾತಾಡಿದರು? ಅವಳು ಹೇಳಿದ್ದೂ ಸರಿ ಅನಿಸಿತು. ಯಾರು ಬಂದರೆ ಅವರದು ಸರಿ. ನನ್ನ ತಲೆ ಗೋಣಿಯ ಹಾಗೆ, ಯಾರು ನೀರು ಹಾಕಿದರೂ ಹೀರಿಕೊಳ್ಳುತ್ತಿತ್ತು.

ಆದರೆ ಇವರಿಬ್ಬರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು.

ಆ ಹಿಂದಿನ ಗೋಡೆ ಕೆಟ್ಟದ್ದು ವಯಸ್ಸಿನಿಂದಲ್ಲ. ನಮ್ಮ ಮನೆಯವರ ಕೈಯಿಂದ.

ನಮ್ಮ ಮದುವೆಗೆ ಎಂಟು ದಿನ ಇದ್ದಾಗ ಆ ಗೋಡೆಯಲ್ಲಿ ಎರಡು ಕಿಟಕಿಗಳ ನಡುವೆ ಗಾರೆ ಉದುರಿತಂತೆ. ಹದಿನೆಂಟು ಅಡಿ. ಸುಣ್ಣದಲ್ಲಿ ಮಾಡಿದರೆ ಇಪ್ಪತ್ತೊಂದು ದಿನ ಗೋಣಿ ಕಾಯಬೇಕು. ಸಿಮೆಂಟಾದರೆ ಮೂರೇ ದಿನ. ಇವರು ಸಿಮೆಂಟು ಬಳಿದು ಮದುವೆಗೆ ಬಂದರು. ಮೇಲಿನವರು ನೋಡಿ, ಎಷ್ಟು ನುಣ್ಣಗೆ ಬಂದಿದೆ ಎಂದು ಬೆನ್ನು ತಟ್ಟಿದರು. ಆ ಕೆಲಸ ನೋಡಿಯೇ ಇವರನ್ನು ಕಾಯಂ ಮಾಡಿದ್ದು.

ಸುಣ್ಣದ ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಬಿಡುತ್ತದೆ. ಮೇಲೆ ಸಿಮೆಂಟು ಬಿದ್ದರೆ ನೀರಿಗೆ ದಾರಿ ಇಲ್ಲ. ಒಳಗೇ ಕೂತು ಗೋಡೆಯನ್ನು ತಿನ್ನುತ್ತದೆ. ಇವರಿಗೆ ಅದು ತಿಳಿಯುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ಹೇಳಿದರೆ ಕೆಲಸ ಹೋಗುತ್ತದೆ. ಹೇಳಲಿಲ್ಲ. ರಜೆಯ ದಿನ ಒಬ್ಬರೇ ಹೋಗಿ, ಯಾರ ಕಣ್ಣಿಗೂ ಬೀಳದ ಹಾಗೆ ವರ್ಷಕ್ಕೆ ಅರ್ಧ ಮೊಳದಷ್ಟು ಸಿಮೆಂಟು ಕಿತ್ತು, ಸುಣ್ಣ ಬಳಿದು, ಗೋಣಿ ಹೊದಿಸಿ ಬರುತ್ತಿದ್ದರು. ನನಗೆ ಇಸ್ಪೀಟಿಗೆ ಹೋಗುತ್ತೇನೆ ಎನ್ನುತ್ತಿದ್ದರು. ಹನ್ನೊಂದು ವರ್ಷ ನಾನು ಇಸ್ಪೀಟಿಗಾಗಿ ಜಗಳವಾಡಿದೆ. ಒಂದು ದಿನ ನಾನು ಗಂಟು ಕಟ್ಟಿಕೊಂಡು ತಂಗಿಯ ಮನೆಗೆ ಹೊರಟಾಗ ಹೇಳಿದರು.

"ಇಸ್ಪೀಟ್ ಆಡೋಕೇ ಬರಲ್ಲ ಕಣೇ ನಂಗೆ."

ಆಮೇಲೆ ಎಲ್ಲ ಹೇಳಿದರು. ನಾನು ಗಂಟು ಬಿಚ್ಚಿದೆ.

ಅವರು ಏನು ಬಯಸಿದ್ದರು ಎಂದು ಎಲ್ಲರೂ ಕೇಳುತ್ತಾರೆ. ಕೆಡವುವ ಸುದ್ದಿ ಬಂದ ದಿನ, "ಕೆಡವಲಿ ಬಿಡು, ನನ್ನ ತಪ್ಪೂ ಜೊತೆಗೇ ಹೋಗುತ್ತೆ" ಎಂದರು. ವಾರ ಕಳೆದ ಮೇಲೆ, "ಇನ್ನೆರಡು ವರ್ಷ ಸುಮ್ಮನಿದ್ರೆ ಮುಗಿಸಿಬಿಡ್ತೀನಿ, ಆಮೇಲೆ ಇನ್ನೂರು ವರ್ಷ ಅಲ್ಲಾಡಲ್ಲ" ಎಂದರು. ಎರಡನ್ನೂ ಊಟಕ್ಕೆ ಕೂತೇ ಹೇಳಿದರು. ಎರಡು ಸಲವೂ ಮುಖ ಒಂದೇ ಥರ ಇತ್ತು. ನಾನು ಯಾವುದನ್ನು ನಂಬಲಿ?

ಮಗಳಿಗೆ ಹೇಳಿದೆ. ಅವಳೂ ಅದೇ ಕಚೇರಿಯಲ್ಲಿ, ಮೂರನೇ ಅಂತಸ್ತಿನಲ್ಲಿ ನಕಲು ಬರೆಯುವ ಗುಮಾಸ್ತೆ. ವರ್ಷವಿಡೀ ನೆಗಡಿ. ಆ ಕಟ್ಟಡ ಕಂಡರೆ ಅವಳಿಗೆ ಆಗುವುದಿಲ್ಲ. ಅಪ್ಪನ ಗೋಡೆಯ ಸಂಗತಿ ಕೇಳಿ ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದಳು.

"ಅಮ್ಮ, ನೀನು ಬಾಯಿ ಮುಚ್ಕೊಂಡಿದ್ರೆ ಎಲ್ಲಾ ಚೆನ್ನಾಗಿರುತ್ತೆ. ಕಟ್ಟಡ ಹೋಗುತ್ತೆ, ಅಪ್ಪ ಒಳ್ಳೆಯವರಾಗಿ ಉಳೀತಾರೆ."

"ಹೇಳಿದ್ರೆ?"

"ಹೇಳಿದ್ರೆ ಕಟ್ಟಡ ಉಳಿಯುತ್ತೆ, ಅಪ್ಪ ಹೋಗ್ತಾರೆ. ನಾಳೆ ಕಚೇರೀಲಿ ನನ್ನನ್ನ ಏನಂತಾರೆ? ಗೋಡೆ ಕೆಡಿಸಿದವರ ಮಗಳು ಅಂತ."

"ಕಟ್ಟಡ ಉಳಿಯುತ್ತೋ ಇಲ್ವೋ ಅದೂ ಗೊತ್ತಿಲ್ವಲ್ಲೇ."

"ಅದಕ್ಕೇ ಹೇಳ್ತಿರೋದು, ಸುಮ್ಮನಿರು. ಇರಲಾರದೆ ಇರುವೆ ಬಿಟ್ಕೊಳ್ಳೋ ಕೆಲಸ ಯಾಕೆ?"

ಅವಳು ಹೇಳಿದ್ದೂ ಸರಿಯೇ.

ಬುಧವಾರ ಸಭೆಗೆ ಹೋದೆ. ನಗರಸಭೆಯ ಹಾಲ್ ತುಂಬಿತ್ತು. ಗೋಡೆಯ ಮೇಲೆ ಇವರ ಬ್ಯಾನರು. ಇಷ್ಟು ದೊಡ್ಡದಾಗಿ ಅವರ ಮುಖ ನಾನು ನೋಡಿರಲಿಲ್ಲ. ಗಲ್ಲದ ಮೇಲೆ ಸುಣ್ಣದ ಚುಕ್ಕೆ ಇತ್ತು. ಒರೆಸಬೇಕು ಅನಿಸಿತು.

ಮೇಷ್ಟ್ರು ಮಾತಾಡಿದರು. ಜನ ಚಪ್ಪಾಳೆ ಹೊಡೆದರು. ನಕ್ಷೆಯ ಹೆಣ್ಣುಮಗಳು ಮಾತಾಡಿದಳು. ಅದಕ್ಕೂ ಹೊಡೆದರು. ಕೆಲವರು ಎರಡಕ್ಕೂ ಹೊಡೆದರು, ನಾನೂ ಹೊಡೆದೆ.

"ಹಳೇದು ಹಳೇದು ಅಂತೀರಲ್ಲ ಮೇಷ್ಟ್ರೇ, ನಿಮ್ಮ ಮನೇಲಿ ಸೌದೆ ಒಲೆ ಇದೆಯಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಇಲ್ಲಪ್ಪ, ಆದ್ರೆ ಒಲೆ ಹೋಯ್ತು ಅಂತ ಅಡುಗೆಮನೆ ಕೆಡವಲಿಲ್ಲ" ಎಂದರು ಮೇಷ್ಟ್ರು.

ಎಲ್ಲ ನಕ್ಕರು. ಮೇಷ್ಟ್ರು ನನ್ನ ಹೆಸರು ಕೂಗಿಸಿದರು. ಮೈಕಿನ ಮುಂದೆ ನಿಂತೆ. ಏನು ಹೇಳಬೇಕೆಂದು ಆಗಲೂ ತೀರ್ಮಾನವಾಗಿರಲಿಲ್ಲ. ನಾಲ್ಕು ಜನ ಹೇಳುವ ಹಾಗೆ, ಅವರಿಗೆ ಆ ಗೋಡೆ ಎಂದರೆ ಪ್ರಾಣ ಎಂದು ಶುರು ಮಾಡಿದೆ. ನಿಜವೇ. ಆದರೆ ಬಾಯಿ ಅಲ್ಲಿಗೆ ನಿಲ್ಲಲಿಲ್ಲ. ಗೋಡೆಗೆ ವಯಸ್ಸಾಗಿದೆ ಎಂದು ವರದಿಯಲ್ಲಿ ಬರೆದಿದ್ದರಲ್ಲ, ಅದು ಸುಳ್ಳು, ಅಷ್ಟು ನನಗೆ ಗೊತ್ತು. ಗೊತ್ತಿದ್ದು ಸುಮ್ಮನೆ ನಿಲ್ಲುವುದು ಹೇಗೆ? ಸಿಮೆಂಟು, ಮದುವೆ, ಇಸ್ಪೀಟು, ಎಲ್ಲ ಹೇಳಿದೆ.

ಮೇಷ್ಟ್ರ ಮುಖ ಮೊದಲು ಅರಳಿತು. ವರದಿ ಬಿತ್ತಲ್ಲ ಎಂದಿರಬೇಕು. ಆಮೇಲೆ ಬ್ಯಾನರಿನ ಕಡೆ ನೋಡಿದರು. ಮುಖ ಮುದುಡಿತು. ಮಗಳು ಎದ್ದು ಹೊರಗೆ ಹೋದಳು.

ಸಭೆ ನಡೆಸುತ್ತಿದ್ದ ನಗರಸಭೆಯ ಅಧಿಕಾರಿಯ ಮುಂದೆ ಒಂದು ದಪ್ಪ ಪುಸ್ತಕವಿತ್ತು. ಒಂದು ಪುಟದಲ್ಲಿ ಉಳಿಸಿ ಎಂದವರು, ಎದುರು ಪುಟದಲ್ಲಿ ಕೆಡವಿ ಎಂದವರು. ಅವರು ಪೆನ್ನು ಹಿಡಿದು ಎರಡೂ ಪುಟ ನೋಡಿದರು.

"ಅಮ್ಮ, ನಿಮ್ಮ ಮಾತನ್ನ ಯಾವ ಕಡೆ ಬರ್ಕೊಳ್ಳಲಿ?"

"ನಂಗೇನು ಗೊತ್ತು ಸಾರ್. ಗೋಡೆ ಹೇಗೆ ಕೆಟ್ಟಿತು ಅಂತ ಹೇಳಿದೆ. ಕಡೆ ನೀವೇ ನೋಡ್ಕೊಳ್ಳಿ."

ಆಗ ನಕ್ಷೆಯ ಹೆಣ್ಣುಮಗಳೇ ಎದ್ದಳು. ತೂತು ಕೊರೆದ ಜಾಗ ಸಿಮೆಂಟು ಇದ್ದಲ್ಲಿ ಬಿದ್ದಿದ್ದರೆ ವರದಿ ತಪ್ಪು, ಮಿಕ್ಕ ಕಟ್ಟಡ ಗಟ್ಟಿ ಇರಬಹುದು ಎಂದಳು. ಅವರು ಬದಲಿಸಿದ ಸುಣ್ಣದಲ್ಲಿ ಬಿದ್ದಿದ್ದರೆ, ಅಲ್ಲಿ ರಿಪೇರಿಯೂ ನಿಂತಿಲ್ಲ, ವರದಿಯೇ ಸರಿ ಇರಬಹುದು ಎಂದು ಅರ್ಥ. ಎರಡರಲ್ಲಿ ಯಾವುದು ಎಂದು ನೋಡದೆ ಕೆಡವುವುದು ಬೇಡ ಎಂದಳು. ಅವಳ ಕಟ್ಟಡಕ್ಕೆ ಅವಳೇ ಅಡ್ಡ ಬಂದಳು. ಯಾಕೆ ಎಂದು ನನಗೆ ಈಗಲೂ ತಿಳಿದಿಲ್ಲ.

ಮರುದಿನ ಬೆಳಗ್ಗೆ ನನ್ನನ್ನು ಆ ಗೋಡೆಯ ಮುಂದೆ ನಿಲ್ಲಿಸಿದರು. ಅಧಿಕಾರಿ, ನಕ್ಷೆಯವಳು, ಮೇಷ್ಟ್ರು. ಎರಡು ಕಿಟಕಿ, ನಡುವೆ ಹದಿನೆಂಟು ಅಡಿ ಗೋಡೆ, ಮಧ್ಯದಲ್ಲಿ ತಜ್ಞರು ಕೊರೆದು ಮುಚ್ಚಿದ ತೂತು. ಮೇಲೆ ಒಂದೇ ಸಮ ಬಿಳಿ ಬಣ್ಣ, ಅದರ ಮೇಲೆಲ್ಲ ಹಸಿ ಕಲೆ. ನಕ್ಷೆಯವಳು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಹೋದಳು. ಎಲ್ಲ ಕಡೆ ಒಂದೇ ಮಂಕು ಸದ್ದು.

"ನೀರು ತುಂಬಿದೆ, ತಿಳಿಯಲ್ಲ" ಎಂದಳು. "ಆಂಟಿ, ಅಂಕಲ್ ಎಲ್ಲಿಂದ ಶುರು ಮಾಡಿದ್ರು?"

"ಕಿಟಕಿ ಪಕ್ಕದಿಂದ ಅಂದಿದ್ರು."

"ಯಾವ ಕಿಟಕಿ?"

ಯಾವ ಕಿಟಕಿ? ಅವರು ಹೇಳಿದಾಗ ನಾನು ಈ ಗೋಡೆ ನೋಡೇ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಒಂದೇ ಕಿಟಕಿ ಇತ್ತು.

ಹತ್ತಿರ ಹೋಗಿ ಕೈಯಿಟ್ಟೆ. ತಣ್ಣಗಿತ್ತು. ಇಲ್ಲಿ ಅವರ ತಪ್ಪೋ, ಅದನ್ನು ಸರಿ ಮಾಡಿದ್ದೋ, ಅವರು ಹುಟ್ಟುವ ಮೊದಲಿನ ಯಾರದೋ ಕೆಲಸವೋ. ಗಂಡನ ಕೈ ನನಗೆ ಗುರುತು ಸಿಗಲಿಲ್ಲ.

"ಒಂದು ಗೆರೆ ಹಾಕಿ ಅಮ್ಮ, ಎಲ್ಲಿಂದಾದ್ರೂ ಒಡೆದು ನೋಡಲೇಬೇಕಲ್ಲ" ಎಂದು ಅಧಿಕಾರಿ ಸೀಮೆಸುಣ್ಣ ಕೊಟ್ಟರು.

ಎಡಗಡೆಯ ಕಿಟಕಿಯ ಪಕ್ಕ ಗೆರೆ ಎಳೆದೆ. ಅದು ಸೊಟ್ಟಗಾಯಿತು.

"ಅಲ್ಲಲ್ಲ ಅಮ್ಮ."

ಮಗಳು. ಮೂರನೇ ಅಂತಸ್ತಿಗೆ ಹೋಗುವವಳು ಮೆಟ್ಟಿಲ ಹತ್ತಿರ ನಿಂತಿದ್ದಳು. ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಬಂದು ಕೈಯಿಂದ ಸೀಮೆಸುಣ್ಣ ತಗೊಂಡಳು.

"ಅಪ್ಪ ಎಡಗೈಯವರು. ಬಲಗಡೆಯಿಂದ ಶುರು ಮಾಡಿರ್ತಾರೆ."

"ಎಡಗೈಯವರು ಬಲಗಡೆಯಿಂದ ಶುರು ಮಾಡ್ತಾರಾ?" ಎಂದು ಮೇಷ್ಟ್ರು ಕೇಳಿದರು.

ಮಗಳು ಗಾಳಿಯಲ್ಲಿ ಎಡಗೈ ಆಡಿಸಿ ನೋಡಿದಳು. ಆಮೇಲೆ ಬಲಗೈ. ನಕ್ಷೆಯವಳೂ ಆಡಿಸಿ ನೋಡಿದಳು. ಅಧಿಕಾರಿಯೂ. ಯಾರಿಗೂ ಖಚಿತವಾಗಲಿಲ್ಲ. ಮಗಳು ಬಲಗಡೆಯ ಕಿಟಕಿಯ ಪಕ್ಕ ಇನ್ನೊಂದು ಗೆರೆ ಎಳೆದು, ಮೂಗು ಒರೆಸಿಕೊಂಡು ಕೆಲಸಕ್ಕೆ ಮೇಲೆ ಹೋದಳು. ನೆಗಡಿಯೋ ಏನೋ.

ಈಗ ಗೋಡೆಯ ಮೇಲೆ ಎರಡು ಗೆರೆ ಇವೆ. ಸೋಮವಾರ ಒಡೆಯಲು ಬರುತ್ತಾರಂತೆ. ಯಾವ ಗೆರೆಯನ್ನು ಮೊದಲು ಎಂದು ನನ್ನನ್ನೇ ಕೇಳಿದ್ದಾರೆ. ಭಾನುವಾರದೊಳಗೆ ಹೇಳಬೇಕು.