ಅಪ್ಪನ ಅಗಲ

ಅಪ್ಪನ ವರ್ಷದ ತಿಥಿಗೆ ಫ್ಲೆಕ್ಸ್ ಮಾಡಿಸಲು ನಾನೂ ನಮ್ಮಣ್ಣನೂ ಬಂಗಾರಪೇಟೆಗೆ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಹೋದೆವು. ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ.

ಆರಡಿ ಅಗಲ, ನಾಲ್ಕಡಿ ಎತ್ತರದ ಫ್ಲೆಕ್ಸ್. ಅಂಗಡಿಯ ಹೆಂಗಸು ಅಣ್ಣನ ಮೊಬೈಲಿನಿಂದ ಬಂದ ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದಳು. ಚಿನ್ನದ ಗಣಿಯ ಕೋರಮಂಡಲ್ ಕ್ವಾರ್ಟರ್ಸಿಗೆ ಹಾಲು ಹಾಕುತ್ತಿದ್ದ ಕಾಲದ ಅಪ್ಪ, ಕ್ಯಾನು ಕಟ್ಟಿದ ಸೈಕಲ್ ಹಿಡಿದು ನಿಂತಿದ್ದ. ಪರದೆಯ ತುಂಬ ಅವನ ಭುಜ.

"ನೋಡ್ಲಾ, ಎಂಗವ್ನೆ ನಮ್ಮಪ್ಪ!" ಅಂದ ಅಣ್ಣ.

ನನ್ನ ನೆನಪಿನ ಅಪ್ಪನೂ ಅವನೇ. ಅಷ್ಟಗಲದ ಭುಜದ ಮೇಲೆ ಕೂತು ನಾನು ಊರು ನೋಡಿದ್ದೆ. ಆದರೆ ಸೈಕಲ್ಲಿನ ಚಕ್ರ ಮೊಟ್ಟೆಯಂತಿತ್ತು.

"ಇದನ್ನ ಅಡ್ಡಕ್ಕೆ ಎಳೆದಿದ್ದೀಯ," ಅಂದೆ.

"ಫ್ಲೆಕ್ಸ್ ಅಳತೆಗೆ ತುಂಬ್ಸಿವ್ನಿ. ಖಾಲಿ ಬುಟ್ರೆ ಜನ ಏನಂತಾರೆ?"

ಅಸಲು ಫೋಟೊವನ್ನು ಗೆದ್ದಲು ತಿಂದಿತ್ತು; ಉಳಿದಿದ್ದು ಅಣ್ಣನ ಮೊಬೈಲಿನಲ್ಲಿದ್ದ ಈ ಪ್ರತಿಯೊಂದೇ. ಅದು ಚೌಕವಾಗಿತ್ತೆಂದು ನನ್ನ ನೆನಪು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಮೇಜಿನ ಮೇಲಿದ್ದ ಸ್ಕೇಲನ್ನು ಪರದೆಗೆ ಹಿಡಿದೆ. ಚಕ್ರದ ಅಗಲ ಒಂಬತ್ತು ಸೆಂಟಿಮೀಟರ್, ಎತ್ತರ ಆರು. ಸೈಕಲ್ ಓರೆಯಾಗಿ ನಿಂತಿದ್ದರೆ ಚಕ್ರ ಕಿರಿದಾಗಿ ಕಾಣಬೇಕು, ಅಗಲವಾಗಿ ಎಂದೂ ಕಾಣದು. ಅಂದರೆ ಫೋಟೊವನ್ನು ಅಡ್ಡಕ್ಕೆ ಒಂದೂವರೆ ಪಟ್ಟು ಎಳೆಯಲಾಗಿದೆ. ಆರಡಿಯನ್ನು ಒಂದೂವರೆಯಿಂದ ಭಾಗಿಸಿದರೆ ನಾಲ್ಕಡಿ. ಎತ್ತರವೂ ನಾಲ್ಕಡಿ. ಚೌಕವೇ.

"ಎತ್ತರ ಹಾಗೇ ಇರಲಿ, ಅಗಲ ನಾಲ್ಕು ಮಾಡಿ," ಅಂದೆ.

ಚಕ್ರ ದುಂಡಗಾಯಿತು. ಅಪ್ಪ ಬತ್ತಿಹೋದ. ಕುಳಿ ಬಿದ್ದ ಕೆನ್ನೆ, ಬಡಕಲು ತೋಳು, ಕೋಲಿಗೆ ಹಾಕಿದಂಥ ಅಂಗಿ. ಚೌಕದ ವಿಷಯದಲ್ಲಿ ಸರಿಯಾಗಿದ್ದ ನನ್ನ ನೆನಪು ಭುಜದ ವಿಷಯದಲ್ಲಿ ಸುಳ್ಳು ಹೇಳಿತ್ತೆ?

"ನಮ್ಮಪ್ಪನ್ನ ಸೀಕಿನೋನ್ ಮಾಡ್ಬುಟ್ಟಲ್ಲೋ! ನಿನ್ನ ಓದಿಗೆ ಬೆಂಕಿ ಆಕ!"

"ನಾನಲ್ಲ, ಚಕ್ರ ಹೇಳ್ತಿದೆ."

"ನಿನ್ನ ಉಟ್ಸಿದ್ದು ಚಕ್ರಾನೇನ್ಲಾ?"

"ಬಿರ್‍ನೆ ಯೋಳ್ರಣ್ಣಾ," ಅಂದಳು ಅಂಗಡಿಯವಳು. "ಮದ್ವೆ ಫ್ಲೆಕ್ಸ್‌ನೋರು ಕಾಯ್ತಾವ್ರೆ."

'ಮೊದಲಿನಂತೆಯೇ ಇರಲಿ' ಎಂದಿದ್ದರೆ ನನಗೆ ನನ್ನ ಅಪ್ಪ ವಾಪಸು ಸಿಗುತ್ತಿದ್ದ. ಮಾತು ನಾಲಗೆಯ ತುದಿಗೂ ಬಂತು. ಆದರೆ ಅಣ್ಣನೆದುರು ಸೋಲುವುದು ಅಪ್ಪನನ್ನು ಕಳೆದುಕೊಳ್ಳುವುದಕ್ಕಿಂತ ಕಹಿಯಾಗಿತ್ತು. ಸ್ಕೇಲನ್ನು ಮತ್ತೆ ಮೇಜಿನ ಮೇಲಿಟ್ಟೆ.

ಅಣ್ಣ ಪರದೆಯನ್ನೇ ನೋಡುತ್ತಿದ್ದ. ಆಮೇಲೆ, "ಆಯ್ತು, ನಿನ್ನ ಲೆಕ್ಕದಂಗೇ ಇರ್ಲಿ. ಮಿಕ್ಕಿದ ಎರಡಡಿ ನನಗೆ ಬುಡು," ಅಂದ. ಇಷ್ಟು ಸುಲಭವಾಗಿ ಬಗ್ಗುವವನಲ್ಲ ಎಂದು ನನಗೆ ಹೊಳೆಯಬೇಕಿತ್ತು.

ತಿಥಿಯ ದಿನ ಮನೆಯೆದುರು ಫ್ಲೆಕ್ಸ್ ನಿಂತಿತ್ತು. ಎಡಕ್ಕೆ ದುಂಡು ಚಕ್ರ, ಬಡಕಲು ಅಪ್ಪ. ಬಲಕ್ಕೆ ಮಿಕ್ಕಿದ್ದ ಎರಡಡಿಯಲ್ಲಿ 'ದುಃಖತಪ್ತ ಕುಟುಂಬ': ಅಣ್ಣ, ಅತ್ತಿಗೆ, ಇಬ್ಬರೂ ಅಳತೆಗೆ ಸರಿಯಾಗಿ. ಅವರ ಕೆಳಗೆ ಉಳಿದ ಗೇಣೆತ್ತರದ ಪಟ್ಟಿಗೆ ನನ್ನ ಮುಖವನ್ನು ಎರಡಡಿ ಅಡ್ಡಕ್ಕೆ ಎಳೆದು ತುಂಬಿಸಿದ್ದ. ಹಣೆಯೇ ಇಲ್ಲ, ಕೆನ್ನೆಗಳು ಮಾತ್ರ ಅಪ್ಪನ ಸೈಕಲ್ಲಿನ ತನಕ ಹರಡಿದ್ದವು.

ಕಾಮಸಮುದ್ರದಿಂದ ಬಂದಿದ್ದ ಅಪ್ಪನ ಅಕ್ಕ ಫ್ಲೆಕ್ಸಿನ ಮುಂದೆ ನಿಂತು, ಅಪ್ಪನನ್ನು ಬಿಟ್ಟು ನನ್ನ ಮುಖಕ್ಕೆ ಬೆರಳು ತೋರಿಸಿದಳು. "ಇವ್ನೇ ನೋಡು, ನನ್ ತಮ್ಮನಂಗವ್ನೆ!"

ಹಾಗಾದರೆ ಅಪ್ಪ ಅಗಲವಾಗಿಯೇ ಇದ್ದನೆ ಎಂದು ಕೇಳಲು ಹೊರಟೆ. ಅಣ್ಣ ಬಾಗಿಲಲ್ಲಿ ನಿಂತು ನಗುತ್ತಿದ್ದ.

"ಅತ್ತೆ, ಅದು ಎಳೆದಿರೋ ಫೋಟೊ," ಅಂದೆ.

"ಎಳ್ದವ್ರೆ ಅಂತ ಎಂಗ್ ಯೋಳ್ತೀಯೋ?" ಅಂದಳು.

ನನ್ನ ಫೋಟೊದಲ್ಲಿ ಸೈಕಲ್ ಇರಲಿಲ್ಲ.